ದಾರಿ ಕೊಟ್ಟವನು ಅಪರಾಧಿಯೇ?

(ಅಂತರ್ಜಾಲ ಮತ್ತು ಕಾನೂನಿನ ಕುರಿತು ಏರ್ಪಡಿಸಲಾಗಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



2008ರ ಜುಲೈ 26ರ ಸಂಜೆ ಅಹ್ಮದಾಬಾದ್ ನಗರದಲ್ಲಿ ಸರಣಿ ಬಾಂಬ್ ಸ್ಫೋಟಗಳು ನಡೆದವು. 56 ಮಂದಿ ಅಮಾಯಕರು ಪ್ರಾಣ ಕಳೆದುಕೊಂಡರು. ಮೊದಲ ಸ್ಫೋಟಕ್ಕೆ ಕೆಲವೇ ನಿಮಿಷಗಳ ಮುನ್ನ ಸುದ್ದಿ ಮಾಧ್ಯಮಗಳಿಗೆ ಒಂದು ಇಮೇಲ್ ಬಂದಿತ್ತು. ಆ ಇಮೇಲ್ ಎಲ್ಲಿಂದ ಹೊರಟಿತೆಂದು ತನಿಖಾಧಿಕಾರಿಗಳು ಹುಡುಕುತ್ತಾ ಹೋದಾಗ ಅವರು ತಲುಪಿದ್ದು ನವಿ ಮುಂಬೈಯ ಸಾನ್ಪಾಡಾದಲ್ಲಿದ್ದ ಒಂದು ಫ್ಲ್ಯಾಟಿಗೆ. ಅಲ್ಲಿ ವಾಸವಾಗಿದ್ದವರು ಉದ್ಯೋಗ ನಿಮಿತ್ತ ಭಾರತಕ್ಕೆ ಬಂದಿದ್ದ ಅಮೆರಿಕದ ಒಬ್ಬ ಪ್ರಜೆ. ಅವರ ಕಂಪ್ಯೂಟರುಗಳನ್ನು ಪೊಲೀಸರು ವಶಪಡಿಸಿಕೊಂಡರು, ದಿನಗಟ್ಟಲೆ ವಿಚಾರಣೆ ನಡೆಸಿದರು. ಕೊನೆಗೆ ತಿಳಿದು ಬಂದದ್ದು ಇಷ್ಟೇ: ಅವರ ಮನೆಯ ವೈಫೈಗೆ ಸರಿಯಾದ ಬೀಗವಿರಲಿಲ್ಲ. ಯಾರೋ ಹೊರಗಿನವರು ಅದರೊಳಗೆ ನುಸುಳಿ ತಮ್ಮ ಕೃತ್ಯವನ್ನು ಮುಗಿಸಿ ಹೋಗಿದ್ದರು. ಅದೇ ಆಗಸ್ಟಿನಲ್ಲಿ ಆ ವ್ಯಕ್ತಿ ತನ್ನ ದೇಶಕ್ಕೆ ಮರಳಿದರು. ಅದರ ನಂತರ ಬಂದ ಇಮೇಲುಗಳಿಗೂ ಮುಂಬೈಯ ಒಂದು ಕಾಲೇಜಿನ ಮತ್ತು ಒಂದು ಖಾಸಗಿ ಸಂಸ್ಥೆಯ ವೈಫೈಗಳೇ ದಾರಿಯಾಗಿದ್ದವು.

ಆ ಫ್ಲ್ಯಾಟಿನಲ್ಲಿ ಅಮೆರಿಕದ ಪ್ರಜೆಯ ಬದಲು ನಮ್ಮ ಊರುಗಳಿಂದ ಮುಂಬೈಗೆ ದುಡಿಯಲು ಹೋದ, ನಮ್ಮಂತಹ ಹೆಸರುಗಳನ್ನು ಹೊತ್ತ ಒಂದು ಕುಟುಂಬ ಇದ್ದಿದ್ದರೆ ಏನಾಗುತ್ತಿತ್ತು? ಈ ಪ್ರಶ್ನೆಗೆ ಉತ್ತರ ಹೇಳಬೇಕಾದ ಅಗತ್ಯ ಈ ಸಭೆಯಲ್ಲಿಲ್ಲ. ತನಿಖೆ ಮುಗಿದು ಸತ್ಯ ಹೊರಬರುವ ಹೊತ್ತಿಗೆ ಆ ಮನೆಯ ಫೋಟೋ ಎಷ್ಟು ಬಾರಿ ಟಿ.ವಿ.ಯಲ್ಲಿ ಬಂದಿರುತ್ತಿತ್ತು, ಆ ಹುಡುಗನ ಕೆಲಸ ಉಳಿದಿರುತ್ತಿತ್ತೇ, ಆ ಮನೆಯ ಹೆಣ್ಣು ಮಕ್ಕಳಿಗೆ ಬಂದಿದ್ದ ಸಂಬಂಧಗಳು ಉಳಿದಿರುತ್ತಿದ್ದವೇ ಎಂಬುದನ್ನು ನೀವೇ ಊಹಿಸಿಕೊಳ್ಳಬಲ್ಲಿರಿ. ಆದ್ದರಿಂದ ಅಂತರ್ಜಾಲದಲ್ಲಿ ಒಬ್ಬನ ಕೃತ್ಯಕ್ಕೆ ಇನ್ನೊಬ್ಬ ಎಷ್ಟರ ಮಟ್ಟಿಗೆ ಹೊಣೆ ಎಂಬ ವಿಷಯವು ವಕೀಲರಿಗೂ ಕಂಪ್ಯೂಟರ್ ಪಂಡಿತರಿಗೂ ಬಿಟ್ಟುಕೊಡಬಹುದಾದ ವಿಷಯವಲ್ಲ. ಮನೆಯಲ್ಲಿ ವೈಫೈ ಇರುವ, ಅಂಗಡಿಯಲ್ಲಿ ಗಿರಾಕಿಗೆ ಹಾಟ್‌ಸ್ಪಾಟ್ ಕೊಡುವ ಪ್ರತಿಯೊಬ್ಬರ ವಿಷಯ ಅದು.

ಹಾಗೆಂದು ತೊಂದರೆಗೊಳಗಾಗುವವರು ನಾವು ಮಾತ್ರ ಎಂದು ಭಾವಿಸುವುದೂ ಸರಿಯಲ್ಲ. ಅದಕ್ಕಿಂತ ಒಂದು ವರ್ಷ ಮೊದಲು, 2007ರ ಆಗಸ್ಟಿನಲ್ಲಿ, ಪುಣೆಯ ಪೊಲೀಸರು ಬೆಂಗಳೂರಿಗೆ ಬಂದು ಓರ್ವ ಯುವ ಸಾಫ್ಟ್‌ವೇರ್ ಇಂಜಿನಿಯರನನ್ನು ಬಂಧಿಸಿಕೊಂಡು ಹೋದರು. ಆತ ನಮ್ಮ ಸಮುದಾಯದವನಲ್ಲ. ಆರ್ಕುಟ್ ಎಂಬ ಜಾಲತಾಣದಲ್ಲಿ ಛತ್ರಪತಿ ಶಿವಾಜಿಯನ್ನು ಅವಮಾನಿಸುವ ಚಿತ್ರ ಹಾಕಿದನೆಂಬುದು ಆತನ ಮೇಲಿದ್ದ ಆರೋಪ. ಆ ಚಿತ್ರ ಹೊರಟ ಅಂತರ್ಜಾಲ ವಿಳಾಸ ಯಾರದ್ದೆಂದು ಪೊಲೀಸರು ಕೇಳಿದಾಗ ಸೇವಾದಾರ ಕಂಪೆನಿಯು ಈ ಯುವಕನ ಹೆಸರನ್ನು ಕೊಟ್ಟಿತ್ತು. ಆ ಮಾಹಿತಿ ತಪ್ಪಾಗಿತ್ತು. ವಿಳಾಸ ಆತನದ್ದಾಗಿರಲೇ ಇಲ್ಲ. ಈ ಸಣ್ಣ ಸತ್ಯವು ಸಾಬೀತಾಗಿ ಆತ ಹೊರಬರುವಾಗ ಪುಣೆಯ ಜೈಲಿನಲ್ಲಿ 50 ದಿನಗಳು ಕಳೆದಿದ್ದವು.

ಇಲ್ಲಿ ಕಂಪ್ಯೂಟರಿನ ಕುರಿತು ಒಂದೆರಡು ಮಾತು ಹೇಳಲೇಬೇಕಾಗುತ್ತದೆ. ಅಂತರ್ಜಾಲಕ್ಕೆ ಸೇರಿದ ಪ್ರತಿಯೊಂದು ಸಂಪರ್ಕಕ್ಕೂ ಅಂಕಿಗಳಿಂದ ಕೂಡಿದ ಒಂದು ವಿಳಾಸವಿರುತ್ತದೆ. ಅದನ್ನು ಐ.ಪಿ. ವಿಳಾಸ ಎನ್ನುತ್ತಾರೆ. ವಿಳಾಸ ಎಂದ ಕೂಡಲೇ ನಮ್ಮ ಮನಸ್ಸಿಗೆ ಮನೆ ನಂಬ್ರ ಬರುತ್ತದೆ. ಆದರೆ ಇದನ್ನು ಲಾಡ್ಜಿನ ಕೋಣೆಯ ನಂಬ್ರಕ್ಕೆ ಹೋಲಿಸುವುದೇ ಹೆಚ್ಚು ಸರಿ. ಹನ್ನೆರಡನೇ ಕೋಣೆಯಲ್ಲಿ ಯಾರಿದ್ದರು ಎಂದು ಕೇಳಿದರೆ ಲಾಡ್ಜಿನವರು ಯಾವ ದಿನ, ಎಷ್ಟು ಗಂಟೆಗೆ ಎಂದು ಮರಳಿ ಕೇಳಲೇಬೇಕು. ಹಾಗೆ ಕೇಳದೆ ಹೆಸರು ಹೇಳಿದರೆ ನಿನ್ನೆ ಖಾಲಿ ಮಾಡಿ ಹೋದವನು ಇಂದಿನ ಕಳ್ಳತನಕ್ಕೆ ಸಿಕ್ಕಿಬೀಳುತ್ತಾನೆ. ಮನೆಗಳಿಗೆ ಕೊಡುವ ಸಂಪರ್ಕಗಳಲ್ಲಿ ಈ ವಿಳಾಸವು ಸಾಮಾನ್ಯವಾಗಿ ಬದಲಾಗುತ್ತಲೇ ಇರುತ್ತದೆ. ಮೊಬೈಲ್ ಕಂಪೆನಿಗಳ ಸಂಗತಿ ಇನ್ನೂ ವಿಚಿತ್ರ. ಹಳೆಯ ಮಾದರಿಯ ವಿಳಾಸಗಳು ಸಾಲದೇ ಬಂದುದರಿಂದ ಅಲ್ಲಿ ಒಂದೇ ವಿಳಾಸವನ್ನು ಒಂದೇ ಕ್ಷಣದಲ್ಲಿ ನೂರಾರು ಗ್ರಾಹಕರಿಗೆ ಹಂಚಲಾಗುತ್ತದೆ. ಆಗ ವಿಳಾಸ ಮತ್ತು ಗಂಟೆ ಮಾತ್ರ ಗೊತ್ತಿದ್ದರೆ ಸಾಲದು, ಪೋರ್ಟ್ ನಂಬ್ರ ಎಂಬ ಇನ್ನೊಂದು ಅಂಕಿಯೂ ಬೇಕು. ಇವೆಲ್ಲವೂ ಸರಿಯಾಗಿ ಸಿಕ್ಕರೂ ಕೂಡ ಸಿಗುವುದು ಸಂಪರ್ಕ ಪಡೆದವರ ಹೆಸರೇ ಹೊರತು ಕೀಲಿಮಣೆಯ ಮುಂದೆ ಕುಳಿತಿದ್ದವರ ಹೆಸರಲ್ಲ. ಎಷ್ಟೋ ಮನೆಗಳಲ್ಲಿ ಸಂಪರ್ಕ ತಾಯಿಯ ಹೆಸರಿನಲ್ಲಿರುತ್ತದೆ, ಬಳಸುವವರು ಮಕ್ಕಳು ಮತ್ತು ಮಕ್ಕಳ ಗೆಳೆಯರು.

ಇನ್ನು ಕಾನೂನಿನ ಕಡೆಗೆ ಬರೋಣ.

ಸಂದೇಶವನ್ನು ಒಯ್ದವನು ಸಂದೇಶದ ಕರ್ತೃವಲ್ಲ ಎಂಬುದು ಹೊಸ ತತ್ವವೇನಲ್ಲ. ಬೆದರಿಕೆ ಪತ್ರವನ್ನು ತಲುಪಿಸಿದ ಅಂಚೆಯಣ್ಣನನ್ನು ಯಾರೂ ಬಂಧಿಸುವುದಿಲ್ಲ. ಸರಕಾರವಂತೂ ತನ್ನ ಅಂಚೆ ಇಲಾಖೆಯನ್ನು ಇದಕ್ಕಿಂತಲೂ ಮುಂದೆ ಹೋಗಿ ರಕ್ಷಿಸಿಕೊಂಡಿದೆ. ಪತ್ರ ಕಳೆದುಹೋದರೂ ತಡವಾದರೂ ಹೊಣೆಯಿಲ್ಲ ಎಂಬ ವಿನಾಯಿತಿ 1898ರ ಅಂಚೆ ಕಾಯ್ದೆಯಲ್ಲಿತ್ತು, ಅದರ ಜಾಗದಲ್ಲಿ ಬಂದ 2023ರ ಕಾಯ್ದೆಯಲ್ಲೂ ಇಂತಹದೇ ವಿನಾಯಿತಿಯಿದೆ. ತನಗೆ ಬೇಕಾದಾಗ ಈ ತತ್ವ ಸರಕಾರಕ್ಕೆ ಚೆನ್ನಾಗಿಯೇ ಅರ್ಥವಾಗುತ್ತದೆ!

ಆದರೆ ಅಂತರ್ಜಾಲದ ವಿಷಯದಲ್ಲಿ ನಮ್ಮ ಕಾನೂನು ಆರಂಭದಲ್ಲಿ ಈ ತತ್ವವನ್ನು ಅರೆಮನಸ್ಸಿನಿಂದಲೇ ಒಪ್ಪಿಕೊಂಡಿತ್ತು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಮು, ಅಪರಾಧವು ತನ್ನ ಅರಿವಿಗೆ ಬಾರದೆ ನಡೆದಿದೆ ಅಥವಾ ತಡೆಯಲು ತಾನು ಸಾಕಷ್ಟು ಎಚ್ಚರ ವಹಿಸಿದ್ದೆ ಎಂದು ಸಾಬೀತುಪಡಿಸುವ ಭಾರವನ್ನು ಸೇವಾದಾರನ ತಲೆಯ ಮೇಲೆಯೇ ಹೊರಿಸಿತ್ತು. ಇದರ ಪರಿಣಾಮವೇನೆಂದು 2004ರಲ್ಲಿ ಕಂಡಿತು. ಬಾಜೀ ಎಂಬ ಖರೀದಿ ತಾಣದಲ್ಲಿ ಯಾರೋ ಒಬ್ಬ ದೆಹಲಿಯ ಶಾಲಾ ಮಕ್ಕಳ ಅಶ್ಲೀಲ ದೃಶ್ಯದ ತುಣುಕನ್ನು ಮಾರಾಟಕ್ಕಿಟ್ಟ. ಇದು ಹೇಯ ಕೃತ್ಯವೆಂಬುದರಲ್ಲಿ ಎರಡು ಮಾತಿಲ್ಲ. ಪೊಲೀಸರು ಆ ಕಂಪೆನಿಯ ಮುಖ್ಯಸ್ಥ ಅವ್ನೀಶ್ ಬಜಾಜ್‌ರನ್ನೂ ಬಂಧಿಸಿದರು. ಆ ಮೊಕದ್ದಮೆ ಎಂಟು ವರ್ಷ ಎಳೆದು, 2012ರಲ್ಲಿ, ಕಂಪೆನಿಯನ್ನೇ ಆರೋಪಿಯಾಗಿಸದೆ ಅದರ ನಿರ್ದೇಶಕನನ್ನು ವಿಚಾರಣೆಗೊಳಪಡಿಸಲಾಗದು ಎಂಬ ಕಾರಣಕ್ಕೆ ಸುಪ್ರೀಂ ಕೋರ್ಟಿನಲ್ಲಿ ರದ್ದಾಯಿತು. ಅಷ್ಟರಲ್ಲಿ ಕಾಯ್ದೆಯೂ ಬದಲಾಗಿತ್ತು. 2008ರಲ್ಲಿ ಅಂಗೀಕೃತವಾಗಿ 2009ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿಯು ಮಧ್ಯವರ್ತಿಗೆ ಗಟ್ಟಿಯಾದ ರಕ್ಷಣೆ ನೀಡಿತು. ಸಂದೇಶವನ್ನು ಆರಂಭಿಸಿದವನು ನೀನಲ್ಲವಾದರೆ, ಅದು ಯಾರಿಗೆ ಹೋಗಬೇಕೆಂದು ಆರಿಸಿದವನು ನೀನಲ್ಲವಾದರೆ, ಅದರೊಳಗಿನದ್ದನ್ನು ನೀನು ತಿದ್ದಿಲ್ಲವಾದರೆ ಮತ್ತು ಅಗತ್ಯ ಎಚ್ಚರವನ್ನು ಪಾಲಿಸಿದ್ದರೆ ನೀನು ಹೊಣೆಯಲ್ಲ ಎಂಬುದು ಅದರ ತಿರುಳು. ಅಪರಾಧದಲ್ಲಿ ಕೈಜೋಡಿಸಿದರೆ, ಅಥವಾ ನಿಜವಾಗಿ ಅರಿವಿಗೆ ಬಂದ ಮೇಲೂ ಸುಮ್ಮನಿದ್ದರೆ ಆ ರಕ್ಷಣೆ ಹೋಗುತ್ತದೆ.

ಈ ಮಧ್ಯವರ್ತಿ ಎಂಬ ಪದದೊಳಗೆ ಯಾರೆಲ್ಲ ಬರುತ್ತಾರೆ? ಇನ್ನೊಬ್ಬರ ಪರವಾಗಿ ಒಂದು ವಿದ್ಯುನ್ಮಾನ ದಾಖಲೆಯನ್ನು ಪಡೆಯುವ, ಇಟ್ಟುಕೊಳ್ಳುವ ಅಥವಾ ರವಾನಿಸುವ ಯಾರೇ ಆಗಲಿ ಬರುತ್ತಾರೆ. ದೂರವಾಣಿ ಕಂಪೆನಿ, ಅಂತರ್ಜಾಲ ಸೇವಾದಾರ, ಹುಡುಕು ತಾಣಗಳ ಜೊತೆಗೆ ಸೈಬರ್ ಕೆಫೆಯನ್ನೂ ಕಾಯ್ದೆಯು ಹೆಸರಿಸಿಯೇ ಸೇರಿಸಿದೆ. ನಮ್ಮ ಎಷ್ಟೋ ಯುವಕರು ಬಸ್ ನಿಲ್ದಾಣದ ಬಳಿ ನಾಲ್ಕು ಕಂಪ್ಯೂಟರುಗಳನ್ನಿಟ್ಟು ಬದುಕು ಕಟ್ಟಿಕೊಂಡ ಕಾಲವೊಂದಿತ್ತಲ್ಲ, ಅವರೆಲ್ಲರೂ ಈ ಕಾಯ್ದೆಯ ಕಣ್ಣಿನಲ್ಲಿ ದೊಡ್ಡ ದೂರವಾಣಿ ಕಂಪೆನಿಯ ಸಾಲಿನಲ್ಲೇ ನಿಂತವರು. ಅವರಿಗಾಗಿ 2011ರಲ್ಲಿ ಬಂದ ನಿಯಮಗಳು ಗಿರಾಕಿಯ ಗುರುತು ಚೀಟಿ, ಒಂದು ವರ್ಷ ಕಾಪಾಡಬೇಕಾದ ದಾಖಲೆ ಪುಸ್ತಕ, ನಾಲ್ಕೂವರೆ ಅಡಿಗಿಂತ ಎತ್ತರವಿರಬಾರದ ಅಡ್ಡಗೋಡೆ ಎಂದೆಲ್ಲ ವಿಧಿಸಿದವು. ದೊಡ್ಡ ಕಂಪೆನಿಗೆ ವಕೀಲರ ಪಡೆಯಿದೆ. ನಾಲ್ಕು ಕಂಪ್ಯೂಟರಿನ ಅಂಗಡಿಯವನಿಗೆ ನಾಲ್ಕೂವರೆ ಅಡಿಯ ಗೋಡೆ ಮಾತ್ರ.

2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಶ್ರೇಯಾ ಸಿಂಘಾಲ್ ಮೊಕದ್ದಮೆಯಲ್ಲಿ ನೀಡಿದ ತೀರ್ಪು 66ಎ ಕಲಮನ್ನು ರದ್ದುಗೊಳಿಸಿದ್ದಕ್ಕಾಗಿ ಪ್ರಸಿದ್ಧವಾಗಿದೆ. ಅದೇ ತೀರ್ಪಿನ ಇನ್ನೊಂದು ಭಾಗಕ್ಕೆ ಮಾಧ್ಯಮಗಳು ಅಷ್ಟು ಗಮನ ಕೊಡಲಿಲ್ಲ. ಮಧ್ಯವರ್ತಿಗೆ ಅರಿವು ಬಂದಿದೆ ಎಂದು ಯಾವಾಗ ಹೇಳಬೇಕು? ಯಾರೋ ಒಬ್ಬರು ದೂರು ಕೊಟ್ಟ ಮಾತ್ರಕ್ಕೆ ಅಲ್ಲ. ನ್ಯಾಯಾಲಯದ ಆದೇಶ ಅಥವಾ ಸರಕಾರದ ಅಧಿಕೃತ ಸೂಚನೆ ಕೈಗೆ ಬಂದಾಗ ಮಾತ್ರ ಎಂದು ನ್ಯಾಯಾಲಯ ಹೇಳಿತು. ಒಂದು ಬರಹ ಕಾನೂನುಬಾಹಿರವೋ ಅಲ್ಲವೋ ಎಂದು ತೀರ್ಮಾನಿಸುವ ನ್ಯಾಯಾಧೀಶನ ಕೆಲಸವನ್ನು ಸೇವಾದಾರನಿಗೆ ವಹಿಸಲಾಗದು ಎಂಬುದು ಅದರ ಹಿಂದಿನ ವಿವೇಕ.

ಇದುವರೆಗೆ ಹೇಳಿದ್ದು ತನ್ನ ಗ್ರಾಹಕ ಯಾರೆಂದು ಬಲ್ಲ ಮಧ್ಯವರ್ತಿಯ ಕುರಿತು. ತಾನು ಯಾರ ಸಂದೇಶವನ್ನು ಒಯ್ಯುತ್ತಿದ್ದೇನೆ ಎಂಬುದೇ ತಿಳಿಯದಂತೆ ರಚಿಸಲಾದ ಮಧ್ಯವರ್ತಿಯೂ ಒಬ್ಬನಿದ್ದಾನೆ. ಹೊಣೆಗಾರಿಕೆಯ ಪ್ರಶ್ನೆ ಅಲ್ಲಿ ಇನ್ನಷ್ಟು ಕಠಿಣವಾಗುತ್ತದೆ.

ಟಾರ್ ಎಂಬ ಹೆಸರನ್ನು ನಿಮ್ಮಲ್ಲಿ ಯುವಕರು ಕೇಳಿರಬಹುದು. ಪತ್ರಿಕೆಗಳಲ್ಲಿ ಅದು ಡಾರ್ಕ್ ವೆಬ್ ಎಂಬ ಭಯ ಹುಟ್ಟಿಸುವ ಪದದ ಜೊತೆಗೆ ಬರುತ್ತದೆ. ಅದನ್ನು ಕಂಡುಹಿಡಿದವರು ಯಾವುದೋ ಅಪರಾಧಿಗಳ ಕೂಟದವರಲ್ಲ. 1990ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಅದರ ಮೂಲ ಕಲ್ಪನೆ ಹುಟ್ಟಿತು. ಸಂದೇಶಕ್ಕೆ ಈರುಳ್ಳಿಯಂತೆ ಪದರ ಪದರವಾಗಿ ಗುಪ್ತಲಿಪಿಯ ಹೊದಿಕೆ ಹೊದಿಸಿ ಸಾಮಾನ್ಯವಾಗಿ ಮೂರು ಕಂಪ್ಯೂಟರುಗಳ ಮೂಲಕ ಕಳುಹಿಸಲಾಗುತ್ತದೆ. ಇವುಗಳನ್ನು ರಿಲೇ ಎನ್ನುತ್ತಾರೆ. ಮೊದಲನೆಯದಕ್ಕೆ ಕಳುಹಿಸಿದವನು ಗೊತ್ತು, ಅವನು ಎಲ್ಲಿಗೆ ಹೋಗುತ್ತಿದ್ದಾನೆಂದು ಗೊತ್ತಿಲ್ಲ. ಕೊನೆಯದಕ್ಕೆ ಗಮ್ಯ ಗೊತ್ತು, ಬಂದವನು ಯಾರೆಂದು ಗೊತ್ತಿಲ್ಲ. ನಡುವಿನದಕ್ಕೆ ಎರಡೂ ಗೊತ್ತಿಲ್ಲ. ಈ ರಿಲೇಗಳನ್ನು ಜಗತ್ತಿನಾದ್ಯಂತ ಸ್ವಯಂಸೇವಕರು ತಮ್ಮದೇ ಖರ್ಚಿನಲ್ಲಿ ನಡೆಸುತ್ತಾರೆ. ಹೊರ ಜಗತ್ತಿಗೆ ಕಾಣಿಸುವುದು ಕೊನೆಯ ರಿಲೇಯ ವಿಳಾಸ ಮಾತ್ರ. ಅಪರಾಧ ನಡೆದರೆ ಪೊಲೀಸರು ಬಾಗಿಲು ತಟ್ಟುವುದೂ ಆ ಕೊನೆಯವನದ್ದೇ.

ಅದನ್ನು ಯಾರು ಬಳಸುತ್ತಾರೆ? ಭ್ರಷ್ಟಾಚಾರದ ದಾಖಲೆಯನ್ನು ಪತ್ರಕರ್ತನಿಗೆ ಕಳುಹಿಸುವ ಸರಕಾರಿ ನೌಕರ ಬಳಸುತ್ತಾನೆ. ಹಿಂಬಾಲಿಸುತ್ತಿರುವ ಗಂಡನಿಂದ ತಪ್ಪಿಸಿಕೊಂಡ ಹೆಣ್ಣು ಮಗಳು ಬಳಸುತ್ತಾಳೆ. ಸುದ್ದಿ ತಾಣಗಳನ್ನು ಮುಚ್ಚಿಸಿದ ದೇಶಗಳ ಪ್ರಜೆಗಳು ಬಳಸುತ್ತಾರೆ. ಮಾದಕ ವಸ್ತು ಮಾರುವವರೂ, ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳನ್ನು ಹಂಚುವ ನೀಚರೂ ಬಳಸುತ್ತಾರೆ. ಎರಡನೆಯದನ್ನು ಮರೆಮಾಚಿ ಮೊದಲನೆಯದನ್ನು ಮಾತ್ರ ಹೇಳುವುದು ಪ್ರಾಮಾಣಿಕತೆಯಲ್ಲ. ಹಾಗೆಯೇ ಮೊದಲನೆಯದನ್ನು ಮರೆತು ಎರಡನೆಯದನ್ನು ಮಾತ್ರ ಹೇಳುವುದೂ ಅಲ್ಲ.

ಆಸ್ಟ್ರಿಯಾ ದೇಶದ ಗ್ರಾಜ್ ನಗರದಲ್ಲಿ ಇಂತಹ ಕೊನೆಯ ರಿಲೇಗಳನ್ನು ನಡೆಸುತ್ತಿದ್ದ ಓರ್ವ ಯುವಕನ ಮನೆಗೆ 2012ರಲ್ಲಿ ಪೊಲೀಸರು ದಾಳಿ ಮಾಡಿದರು. ಅವನ ರಿಲೇಯ ಮೂಲಕ ಯಾರೋ ಮಕ್ಕಳ ಅಶ್ಲೀಲ ಚಿತ್ರಗಳನ್ನು ಸಾಗಿಸಿದ್ದರು. ಯುರೋಪಿನ ಕಾನೂನು 2000ದಿಂದಲೇ ಬರೇ ಸಾಗಿಸುವವನಿಗೆ ವಿನಾಯಿತಿ ನೀಡಿದ್ದರೂ 2014ರಲ್ಲಿ ನ್ಯಾಯಾಲಯ ಆತನನ್ನು ಅಪರಾಧಕ್ಕೆ ನೆರವಾದವನೆಂದು ತೀರ್ಮಾನಿಸಿ ಮೂರು ತಿಂಗಳ ಅಮಾನತು ಶಿಕ್ಷೆ ವಿಧಿಸಿತು. ಇಂತಹ ಬಳಕೆಗೂ ಟಾರ್ ಅನುಕೂಲವೆಂದು ಆತ ಹಿಂದೆ ಯಾರೊಂದಿಗೋ ಹರಟುತ್ತಾ ಬರೆದಿದ್ದ ಮಾತುಗಳೇ ಅವನಿಗೆ ಮುಳುವಾದವು.

ಮಾಸ್ಕೋದ ಘಟನೆ ಇದಕ್ಕಿಂತಲೂ ಗಂಭೀರವಾದುದು. 2017ರ ಮಾರ್ಚ್ ಕೊನೆಯಲ್ಲಿ ರಷ್ಯಾದ ಒಂದು ತಾಣದಲ್ಲಿ ಐರಾತ್ ಬಶೀರೋವ್ ಎಂಬ ಹೆಸರಿನಲ್ಲಿ ಯಾರೋ ಬರೆದರು. ಏಪ್ರಿಲ್ 2ರಂದು ಕೆಂಪು ಚೌಕಕ್ಕೆ ಬಾಟಲಿ, ಪೆಟ್ರೋಲು ಹಿಡಿದು ಬನ್ನಿ ಎಂಬ ಅರ್ಥದ ಕರೆ ಅದು. ಬಳಸಿದ ಹೆಸರನ್ನು ಗಮನಿಸಿ. ಅದು ರಷ್ಯಾದ ಮುಸ್ಲಿಮರಲ್ಲಿ ಸಾಮಾನ್ಯವಾಗಿರುವ ಹೆಸರು. ಮುಖ ಮರೆಸಿಕೊಂಡು ಬೆಂಕಿ ಹಚ್ಚಲು ಹೊರಟವನು ಯಾವ ಮುಖವಾಡವನ್ನು ಆರಿಸಿಕೊಂಡ ಎಂಬುದು ಚಿಂತನೀಯ. ತನಿಖೆ ಹೋಗಿ ನಿಂತದ್ದು ದ್ಮಿತ್ರಿ ಬೊಗಾತೋವ್ ಎಂಬ 25ರ ಹರೆಯದ ಗಣಿತ ಅಧ್ಯಾಪಕನ ಮನೆಯಲ್ಲಿ. ಆತ ತನ್ನ ಮನೆಯಿಂದಲೇ ಟಾರ್‌ನ ಒಂದು ಕೊನೆಯ ರಿಲೇಯನ್ನು ನಡೆಸುತ್ತಿದ್ದ. ಸಂದೇಶ ಹೊರಬಿದ್ದ ವೇಳೆಯಲ್ಲಿ ತಾನು ಪತ್ನಿಯೊಂದಿಗೆ ಹೊರಗಿದ್ದೆ, ಮನೆಗೆ ಬರುವ ಮುನ್ನ ಅಂಗಡಿಗೆ ಹೋಗಿದ್ದೆ ಎಂದು ಆತ ಹೇಳಿದ. ಅಂಗಡಿಯ ಕ್ಯಾಮರಾದ ಚಿತ್ರಗಳನ್ನೂ ವಕೀಲರು ಮುಂದಿಟ್ಟರು. ಆದರೂ ಏಪ್ರಿಲಿನಲ್ಲಿ ಬಂಧನಕ್ಕೊಳಗಾದ ಆತ ಜುಲೈ ಕೊನೆಯವರೆಗೆ ಜೈಲಿನಲ್ಲಿದ್ದ. ಭಯೋತ್ಪಾದನೆಗೆ ಕರೆ ಕೊಟ್ಟ ಆರೋಪವನ್ನೂ ಹೊರಿಸಲಾಯಿತು. ಆತ ಜೈಲಿನಲ್ಲಿದ್ದಾಗಲೂ ಬಶೀರೋವ್ ಎಂಬವನು ಬರೆಯುತ್ತಲೇ ಇದ್ದ! ಬಳಿಕ ಗೃಹಬಂಧನ. ಆರೋಪಗಳನ್ನು ಕೈಬಿಟ್ಟದ್ದು 2018ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಸಂದಿತ್ತು.

ಜರ್ಮನಿಯಲ್ಲಿ ಬೇರೊಂದು ಬೆಳವಣಿಗೆಯಾಯಿತು. ಅಲ್ಲಿ ಬಹುಕಾಲದಿಂದ ಇದ್ದ ನ್ಯಾಯಾಲಯಗಳ ನಿಲುವಿನ ಪ್ರಕಾರ ತನ್ನ ವೈಫೈ ಮೂಲಕ ಬೇರೆಯವರು ಮಾಡಿದ ಕೃತಿಚೌರ್ಯಕ್ಕೆ ಮನೆಯಾತನೂ ಅಂಗಡಿಯಾತನೂ ತೆರಬೇಕಾಗುತ್ತಿತ್ತು. ವಕೀಲರ ನೋಟೀಸು, ನೋಟೀಸಿನ ಖರ್ಚು, ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುವೆನೆಂಬ ಮುಚ್ಚಳಿಕೆ ಇತ್ಯಾದಿ. ಮ್ಯೂನಿಕ್ ಬಳಿಯ ಒಬ್ಬ ವ್ಯಾಪಾರಿ ತನ್ನ ಅಂಗಡಿಯಲ್ಲಿ ಎಲ್ಲರಿಗೂ ಉಚಿತ ವೈಫೈ ಕೊಟ್ಟಿದ್ದ. ಅದರ ಮೂಲಕ ಯಾರೋ ಒಂದು ಹಾಡನ್ನು ಹಂಚಿದರೆಂದು ಸೋನಿ ಕಂಪೆನಿ ಬೆನ್ನು ಹತ್ತಿತು. 2016ರ ಸೆಪ್ಟೆಂಬರ್ 15ರಂದು ಯುರೋಪಿಯನ್ ನ್ಯಾಯಾಲಯವು ಆತ ನಷ್ಟ ತುಂಬಿಕೊಡಬೇಕಾಗಿಲ್ಲ ಎಂದಿತು. ಆದರೆ ಪಾಸ್‌ವರ್ಡ್ ಹಾಕಿ, ಬಳಸುವವರ ಗುರುತು ಕೇಳುವಂತೆ ಆತನಿಗೆ ಆದೇಶಿಸಬಹುದೆಂದೂ ಸೇರಿಸಿತು. ಜರ್ಮನಿಯ ಸಂಸತ್ತು 2017ರಲ್ಲಿ ಕಾನೂನನ್ನು ತಿದ್ದಿತು. 2018ರ ಜುಲೈಯಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯದ ಮುಂದೆ ಬಂದ ವ್ಯಾಜ್ಯವಂತೂ ನಮ್ಮ ವಿಷಯಕ್ಕೆ ನೇರ ಸಂಬಂಧಿಸಿದ್ದು. ಅದರ ಪ್ರತಿವಾದಿ ತೆರೆದ ವೈಫೈಯನ್ನೂ ಟಾರ್‌ನ ಕೊನೆಯ ರಿಲೇಗಳನ್ನೂ ನಡೆಸುತ್ತಿದ್ದ; ಅವನ ಸಂಪರ್ಕದಿಂದ ಒಂದು ಕಂಪ್ಯೂಟರ್ ಆಟ ಹಂಚಿಕೆಯಾಗಿತ್ತು. ಹಳೆಯ ಕಾನೂನಿನಡಿ ಕೊಟ್ಟ ನೋಟೀಸಿನ ಖರ್ಚನ್ನು ಆತ ತೆರಬೇಕಾಯಿತು. ಆದರೆ ಹೊಸ ಕಾನೂನಿನಡಿ ಅವನನ್ನು ಹಳೆಯ ರೀತಿಯಲ್ಲಿ ಹೊಣೆಯಾಗಿಸುವಂತಿಲ್ಲ, ಹೆಚ್ಚೆಂದರೆ ನಿರ್ದಿಷ್ಟ ವಿಷಯವನ್ನು ತಡೆಯುವಂತೆ ಕೇಳಬಹುದು ಎಂದು ನ್ಯಾಯಾಲಯ ಹೇಳಿತು. ಈಗ ಯುರೋಪಿನಲ್ಲಿ ಜಾರಿಯಲ್ಲಿರುವ, 2024ರ ಫೆಬ್ರವರಿಯಿಂದ ಪೂರ್ಣವಾಗಿ ಅನ್ವಯವಾಗುತ್ತಿರುವ ಡಿಜಿಟಲ್ ಸೇವೆಗಳ ಕಾನೂನು ಕೂಡ ಬರೇ ಸಾಗಿಸುವವನ ವಿನಾಯಿತಿಯನ್ನು ಉಳಿಸಿಕೊಂಡಿದೆ.

ಇನ್ನೊಂದು ಸಣ್ಣ ಊರಿನ ವಿಷಯವನ್ನು ಹೇಳದಿರಲು ಮನಸ್ಸಾಗುವುದಿಲ್ಲ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಲೆಬನಾನ್ ಎಂಬ ಊರಿನ ಸಾರ್ವಜನಿಕ ಗ್ರಂಥಾಲಯವು 2015ರಲ್ಲಿ ತನ್ನಲ್ಲಿ ಒಂದು ಟಾರ್ ರಿಲೇ ಆರಂಭಿಸಿತು. ಒಕ್ಕೂಟ ಸರಕಾರದ ಭದ್ರತಾ ಇಲಾಖೆಯ ಕಳವಳ ಸ್ಥಳೀಯ ಪೊಲೀಸರ ಮೂಲಕ ಗ್ರಂಥಾಲಯಕ್ಕೆ ತಲುಪಿದಾಗ ಅದನ್ನು ನಿಲ್ಲಿಸಲಾಯಿತು. ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಸೆಪ್ಟೆಂಬರಿನಲ್ಲಿ ಗ್ರಂಥಾಲಯದ ಧರ್ಮದರ್ಶಿಗಳು ಊರಿನವರನ್ನು ಸೇರಿಸಿ ಅವರ ಮಾತು ಕೇಳಿದರು, ಬಳಿಕ ರಿಲೇಯನ್ನು ಮತ್ತೆ ಚಾಲೂ ಮಾಡಿದರು.

ನಮ್ಮ ದೇಶದಲ್ಲಿ ಗಾಳಿ ಎತ್ತ ಬೀಸುತ್ತಿದೆ? 2022ರ ಏಪ್ರಿಲ್ 28ರಂದು ಸರ್ಟ್-ಇನ್ ಎಂಬ ಕೇಂದ್ರ ಸಂಸ್ಥೆ ಒಂದು ನಿರ್ದೇಶನ ಹೊರಡಿಸಿತು. ಅದರ ಪ್ರಕಾರ ವಿ.ಪಿ.ಎನ್. ಸೇವೆ ನೀಡುವ ಕಂಪೆನಿಗಳು ತಮ್ಮ ಗ್ರಾಹಕರ ಹೆಸರು, ವಿಳಾಸ, ಅವರಿಗೆ ಕೊಟ್ಟ ಐ.ಪಿ., ಸೇವೆ ಪಡೆದ ಉದ್ದೇಶ ಇವೆಲ್ಲವನ್ನೂ ಐದು ವರ್ಷ ಕಾಪಾಡಬೇಕು. ಗುಟ್ಟು ಕಾಪಾಡುವುದೇ ತನ್ನ ಸರಕಾಗಿರುವ ಅಂಗಡಿಗೆ ಗುಟ್ಟನ್ನೆಲ್ಲ ಬರೆದಿಡು ಎಂದಂತಾಯಿತು. ಎಕ್ಸ್‌ಪ್ರೆಸ್‌ ವಿ.ಪಿ.ಎನ್., ಸರ್ಫ್‌ಶಾರ್ಕ್, ನಾರ್ಡ್, ಪ್ರೋಟಾನ್ ಮೊದಲಾದವು ತಮ್ಮ ಕಂಪ್ಯೂಟರುಗಳನ್ನು ಭಾರತದಿಂದ ತೆಗೆದವು. ಅಪರಾಧಿಗಳು ಇದರಿಂದ ನಿಂತರೆಂದು ನಾವು ಭಾವಿಸುವುದಿಲ್ಲ, ಅವರು ಹೊರದೇಶದ ಕಂಪ್ಯೂಟರುಗಳನ್ನು ಬಳಸಬಲ್ಲರು. ಅದಕ್ಕಿಂತ ಮೊದಲು 2021ರ ಫೆಬ್ರವರಿಯಲ್ಲಿ ಬಂದ ನಿಯಮಗಳು, 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಸಂದೇಶ ಸೇವೆಗಳು ಸಂದೇಶವೊಂದನ್ನು ಮೊದಲು ಕಳುಹಿಸಿದವನು ಯಾರೆಂದು ಪತ್ತೆ ಹಚ್ಚಿ ಕೊಡಬೇಕೆಂದು ವಿಧಿಸಿದ್ದವು. ವಾಟ್ಸಪ್ ಅದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಅಧಿಕಾರಿಗಳು ಬರಹಗಳನ್ನು ತೆಗೆಸಲು ಬಳಸುವ ಸಹಯೋಗ್ ಎಂಬ ವ್ಯವಸ್ಥೆಯನ್ನು ಪ್ರಶ್ನಿಸಿ ಎಕ್ಸ್ ಕಂಪೆನಿ ಹೂಡಿದ್ದ ದಾವೆಯನ್ನು ನಮ್ಮ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ 2025ರ ಸೆಪ್ಟೆಂಬರ್ 24ರಂದು ವಜಾಗೊಳಿಸಿತು. ಶ್ರೇಯಾ ಸಿಂಘಾಲ್ ತೀರ್ಪು 2011ರ ನಿಯಮಗಳ ಸಂದರ್ಭದಲ್ಲಿ ಬಂದುದು, ಅದನ್ನು 2021ರ ನಿಯಮಗಳಿಗೆ ಹಾಗೆಯೇ ಅನ್ವಯಿಸಲಾಗದು ಎಂಬುದು ಆ ತೀರ್ಪಿನ ನಿಲುವು. ನ್ಯಾಯಾಲಯದ ಮೇಲಿನ ಪೂರ್ಣ ಗೌರವದೊಂದಿಗೆ ಹೇಳುವುದಾದರೆ, ಆದೇಶ ಕೊಡುವ ಬಾಗಿಲುಗಳು ಹೆಚ್ಚಿದಂತೆ ಸೇವಾದಾರ ಕಂಪೆನಿ ಪ್ರಶ್ನಿಸದೆ ಅಳಿಸುವುದನ್ನೂ, ಕೇಳಿದ ಕೂಡಲೇ ಹೆಸರು ಕೊಡುವುದನ್ನೂ ರೂಢಿ ಮಾಡಿಕೊಳ್ಳುತ್ತದೆ ಎಂಬ ಆತಂಕ ನಮ್ಮದು. 2007ರಲ್ಲಿ ಬೆಂಗಳೂರಿನ ಯುವಕನ ಹೆಸರನ್ನು ಕೊಟ್ಟದ್ದೂ ಕೇಳಿದ್ದಕ್ಕೆ ಉತ್ತರಿಸುವ ಇಂತಹ ಒಂದು ಮೇಜಿನಿಂದಲೇ ಅಲ್ಲವೇ?

ಮಕ್ಕಳ ಮೇಲೆ ಅತ್ಯಾಚಾರ ಎಸಗುವವರನ್ನು ಹಿಡಿಯುವುದು ಬೇಡವೇ ಎಂದು ಕೆಲವರು ಕೇಳಬಹುದು. ಖಂಡಿತ ಹಿಡಿಯಬೇಕು. ನಾವು ಕೂಡ ಮಕ್ಕಳನ್ನು ಸಾಕುವವರು. ತನ್ನ ಜಾಲದಲ್ಲಿ ಇಂತಹ ಕೃತ್ಯ ನಡೆಯುತ್ತಿದೆಯೆಂದು ಗೊತ್ತಾದ ಮೇಲೂ ಲಾಭಕ್ಕಾಗಿ ಕಣ್ಣು ಮುಚ್ಚಿಕೊಳ್ಳುವ ಕಂಪೆನಿ ಎಷ್ಟೇ ದೊಡ್ಡದಾಗಿರಲಿ, ಅದಕ್ಕೆ ಮಧ್ಯವರ್ತಿಯ ರಕ್ಷಣೆ ಸಿಗಬಾರದು. ಆದರೆ ತಿಳಿದು ನೆರವಾದವನು ಬೇರೆ, ತಿಳಿಯದೆ ದಾರಿಯಾದವನು ಬೇರೆ. ಈ ಗೆರೆಯನ್ನು ಅಳಿಸಿದರೆ ನಿಜವಾದ ಅಪರಾಧಿಗೇ ಲಾಭ. ಮಾಸ್ಕೋದಲ್ಲಿ ಅಧ್ಯಾಪಕನನ್ನು ಕೂಡಿಹಾಕಿದ್ದಷ್ಟು ದಿನವೂ ಬರೆದವನು ಹೊರಗಿದ್ದ. ಪುಣೆಯ ಜೈಲಿನಲ್ಲಿ ಬೆಂಗಳೂರಿನ ಯುವಕನಿದ್ದ 50 ದಿನವೂ ಹಾಗೆಯೇ.

ನಮ್ಮಲ್ಲಿ ಟಾರ್ ಬಳಸುವುದನ್ನು ಅಪರಾಧವೆಂದು ಸಾರುವ ಪ್ರತ್ಯೇಕ ಕೇಂದ್ರ ಕಾನೂನಿಲ್ಲ. 79ನೇ ಕಲಮಿನ ಮಾತುಗಳನ್ನು ನೇರವಾಗಿ ಓದಿದರೆ, ಇನ್ನೊಬ್ಬರ ಸಂದೇಶವನ್ನು ತಿದ್ದದೆ ರವಾನಿಸುವ ರಿಲೇ ನಡೆಸುವವನೂ ಮಧ್ಯವರ್ತಿಯೇ ಎಂಬುದು ನಮ್ಮ ಅಭಿಪ್ರಾಯ. ಹಾಗೆಂದು ಯಾರಾದರೂ ಯುವಕರು ಈ ಮಾತನ್ನು ನಂಬಿ ನಾಳೆಯೇ ಮನೆಯಲ್ಲಿ ಕೊನೆಯ ರಿಲೇ ಆರಂಭಿಸಬಾರದು. ಮನೆಯ ಸಂಪರ್ಕದಿಂದ ಅದನ್ನು ನಡೆಸಬೇಡಿ ಎಂದು ಟಾರ್‌ನವರೇ ಹೇಳುತ್ತಾರೆ. ಕಾಯ್ದೆಯಲ್ಲಿರುವ ರಕ್ಷಣೆ ನ್ಯಾಯಾಲಯದಲ್ಲಿ ಸಿಗುತ್ತದೆ, ಬೆಳಗಿನ ಜಾವ ಬಾಗಿಲು ತಟ್ಟಿದಾಗ ಸಿಗುವುದಿಲ್ಲ.

ಕೊನೆಯದಾಗಿ, ಮನೆ ಮತ್ತು ಅಂಗಡಿಗಳ ಕುರಿತು ಕೆಲವು ಮಾತು. ವೈಫೈಗೆ ಪಾಸ್‌ವರ್ಡ್ ಇರಲಿ, ಅದು ಮನೆಯವರೆಲ್ಲರ ಮೊಬೈಲ್ ನಂಬ್ರವೇ ಆಗಿರದಿರಲಿ. ಸಂಪರ್ಕ ಜೋಡಿಸಿದವನು ಇಟ್ಟುಹೋದ ಪಾಸ್‌ವರ್ಡನ್ನು ಅಂದೇ ಬದಲಾಯಿಸಿ. ಗಿರಾಕಿಗಳಿಗೂ ಅತಿಥಿಗಳಿಗೂ ಬೇರೆ ಜಾಲವನ್ನೇ ತೆರೆದು ಕೊಡುವ ಸೌಲಭ್ಯ ಈಗಿನ ಹೆಚ್ಚಿನ ರೌಟರುಗಳಲ್ಲಿದೆ. ಸಂಪರ್ಕದ ಕುರಿತು ಪೊಲೀಸರಿಂದ ನೋಟೀಸು ಬಂದರೆ ಹೆದರಿ ಯಾವುದನ್ನೂ ಅಳಿಸಬೇಡಿ. ಅಳಿಸಿದ್ದೇ ಬೇರೊಂದು ಅಪರಾಧವಾದೀತು. ನೋಟೀಸು ಯಾವ ಕಲಮಿನಡಿ ಬಂದಿದೆ ಎಂದು ವಕೀಲರಿಗೆ ತೋರಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 94ನೇ ಕಲಮು ದಾಖಲೆ ಅಥವಾ ಸಾಧನವನ್ನು ಕೇಳುವಂತಹದ್ದು, 35ನೇ ಕಲಮಿನ ನೋಟೀಸು ಆರೋಪದ ಮೇಲೆ ಹಾಜರಾಗಲು ಹೇಳುವಂತಹದ್ದು, 179ನೇದು ಸಾಕ್ಷಿಯಾಗಿ ಕರೆಯುವಂತಹದ್ದು. ಸಂಪರ್ಕ ತಾಯಿಯ ಹೆಸರಿನಲ್ಲಿದ್ದು ಅವರನ್ನು ಸಾಕ್ಷಿಯಾಗಿ ಕರೆದರೆ ಮಹಿಳೆಯರನ್ನೂ 60 ದಾಟಿದ ಹಿರಿಯರನ್ನೂ ಠಾಣೆಗೆ ಬರುವಂತೆ ಒತ್ತಾಯಿಸುವಂತಿಲ್ಲ, ಅವರ ಮನೆಯಲ್ಲೇ ವಿಚಾರಿಸಬೇಕು. ಶೋಧ ಮತ್ತು ಜಪ್ತಿಯನ್ನು ಧ್ವನಿ ಹಾಗೂ ದೃಶ್ಯ ಸಹಿತ ಚಿತ್ರೀಕರಿಸಬೇಕೆಂದು 105ನೇ ಕಲಮು ಹೇಳುತ್ತದೆ. ಕೊಂಡೊಯ್ದ ಪ್ರತಿಯೊಂದು ಫೋನು, ಲ್ಯಾಪ್‌ಟಾಪು ಮಹಜರಿನಲ್ಲಿ ಬಂದಿದೆಯೇ ಎಂದು ನೋಡಿ ಅದರ ಪ್ರತಿ ಪಡೆಯಿರಿ.

ಮೊಕದ್ದಮೆ ನಡೆಯುವುದಾದರೆ ವಕೀಲರ ಮೂಲಕ ಮೊದಲು ಕೇಳಿಸಬೇಕಾದದ್ದು ಇದು: ಕಂಪೆನಿಯಿಂದ ಯಾವ ದಿನಾಂಕ, ಯಾವ ಗಂಟೆ, ನಿಮಿಷ, ಸೆಕೆಂಡಿನ ಮಾಹಿತಿ ಕೇಳಲಾಗಿತ್ತು, ಆ ವೇಳೆ ಭಾರತದ ಗಡಿಯಾರದ್ದೋ ಹೊರದೇಶದ್ದೋ, ಪೋರ್ಟ್ ನಂಬ್ರ ಕೊಡಲಾಗಿತ್ತೇ, ಆ ವಿಳಾಸ ಟಾರ್ ರಿಲೇಗಳ ಬಹಿರಂಗ ಪಟ್ಟಿಯಲ್ಲಿದೆಯೇ. ಆ ಪಟ್ಟಿ ಯಾರು ಬೇಕಾದರೂ ನೋಡಬಹುದಾದದ್ದು. ಕಂಪೆನಿಯ ಉತ್ತರ ಸಾಕ್ಷ್ಯವಾಗಬೇಕಿದ್ದರೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಅದರ ಜೊತೆಗಿರಬೇಕು. ದೂರವಾಣಿ ಇಲಾಖೆಯು 2021ರ ಡಿಸೆಂಬರಿನಲ್ಲಿ ಈ ದಾಖಲೆಗಳನ್ನು ಕಾಪಾಡುವ ಅವಧಿಯನ್ನು ಎರಡು ವರ್ಷಕ್ಕೆ ಏರಿಸಿದೆ. ಆ ಅವಧಿ ಮೀರಿದರೆ ನಿಮ್ಮ ನಿರಪರಾಧವನ್ನು ತೋರಿಸುವ ದಾಖಲೆಯೂ ಅಳಿದು ಹೋಗಬಹುದು. ಆದ್ದರಿಂದ ಅದನ್ನು ಕಾಪಾಡಿಡುವಂತೆ ನ್ಯಾಯಾಲಯಕ್ಕೆ ಅರ್ಜಿ ಹಾಕುವುದನ್ನು ವಕೀಲರು ಮೊದಲ ವಾರದಲ್ಲೇ ಮಾಡಬೇಕು.